ಬೇಸ್‌ಮೆಂಟಿನಲ್ಲಿ ಮಡಿ

ಮನೆಯಲ್ಲೇ ಬಿಯರ್ ಮಾಡುತ್ತೇನೆ ಎಂದ ಕೂಡಲೇ ಊರಿನವರು ಕೇಳುವ ಮೊದಲ ಪ್ರಶ್ನೆ, "ಯಾಕೆ, ಅಲ್ಲಿ ಅಂಗಡೀಲಿ ಸಿಗಲ್ವಾ?" ಕೇಳುವವರ ದನಿಯಲ್ಲಿ ನಿಜವಾದ ಕನಿಕರ ಇರುತ್ತದೆ. ಕರಿಬೇವನ್ನು ಎಲೆ ಎಣಿಸಿ ಒಗ್ಗರಣೆಗೆ ಹಾಕುವ ದೇಶದಲ್ಲಿ ಪಾಪ, ಇವನಿಗೆ ಬಿಯರಿಗೂ ಬರ ಬಂತಲ್ಲ ಎಂಬ ಭಾವ.

ನಾನಿರುವುದು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯ ಹೊರವಲಯದಲ್ಲಿ. ಪಾಬ್ಸ್ಟ್, ಶ್ಲಿಟ್ಜ್, ಬ್ಲಾಟ್ಜ್, ಮಿಲ್ಲರ್, ಈ ನಾಲ್ಕೂ ದೊಡ್ಡ ಬಿಯರ್ ಮನೆತನಗಳು ಬೆಳೆದದ್ದು ಈ ಊರಿನಲ್ಲೇ. ಜರ್ಮನಿಯಿಂದ ಬಂದು ನೆಲೆಸಿದವರು ಚರ್ಚು ಕಟ್ಟಿದಷ್ಟೇ ಶ್ರದ್ಧೆಯಿಂದ ಬಿಯರ್ ಕಾರ್ಖಾನೆಗಳನ್ನೂ ಕಟ್ಟಿದರು. ಊರಿನ ಬೇಸ್‌ಬಾಲ್ ತಂಡದ ಹೆಸರೇ ಬ್ರೂವರ್ಸ್. ಅದಕ್ಕೊಬ್ಬ ಮೀಸೆಯ ವಿದೂಷಕನಿದ್ದಾನೆ, ಬರ್ನಿ ಬ್ರೂವರ್ ಎಂದು. ಹಳೆಯ ಕ್ರೀಡಾಂಗಣದಲ್ಲಿ ನಮ್ಮವರು ಹೋಮ್ ರನ್ ಹೊಡೆದಾಗ ಈತ ಎತ್ತರದ ಜಾರುಬಂಡೆಯಿಂದ ಜಾರಿ ದೊಡ್ಡದೊಂದು ಬಿಯರ್ ಮಗ್ಗಿನೊಳಗೆ ಬೀಳುತ್ತಿದ್ದನಂತೆ. ಇಂಥ ಊರಿನಲ್ಲಿ ಬಿಯರ್ ಸಿಗುತ್ತದೆ. ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ.

ಎರಡನೆಯ ಪ್ರಶ್ನೆ, "ಹಾಗಾದ್ರೆ ಅಗ್ಗ ಬೀಳತ್ತಾ?" ಬಾರ್ಲಿ, ಹಾಪ್ಸ್, ಯೀಸ್ಟ್ ಇಷ್ಟರದೇ ಲೆಕ್ಕ ಹಿಡಿದರೆ ಖಂಡಿತ ಅಗ್ಗ. ಅದಕ್ಕೆಂದೇ ಕೊಂಡ ಸ್ಟೀಲ್ ಹಂಡೆ, ತಾಮ್ರದ ಸುರುಳಿ, ಥರ್ಮಾಮೀಟರು, ಗಾಜಿನ ಬುಡ್ಡಿ, ಕೊಳವೆ, ಮುಚ್ಚಳ ಒತ್ತುವ ಯಂತ್ರ ಇವನ್ನೆಲ್ಲ ಸೇರಿಸಿದರೆ ಲೆಕ್ಕ ಬೇರೆಯಾಗುತ್ತದೆ. ಆ ಎರಡನೆಯ ಲೆಕ್ಕವನ್ನು ನನ್ನ ಹೆಂಡತಿ ಇಟ್ಟಿದ್ದಾಳೆ. ತೋರಿಸು ಎಂದು ನಾನು ಈವರೆಗೆ ಕೇಳಿಲ್ಲ.

ಮೂರನೆಯದನ್ನು ಹಿರಿಯರು ಮಾತ್ರ ಕೇಳುತ್ತಾರೆ, ಅದೂ ದನಿ ತಗ್ಗಿಸಿ. "ಕುಡಿಯೋದು ಜಾಸ್ತಿ ಆಗಿದ್ಯೇನೋ?" ರತ್ನನ ಬಾಯಲ್ಲಿ ಅಷ್ಟೊಂದು ಹೆಂಡದ ಪದ ಹಾಡಿಸಿದ ಜಿ.ಪಿ. ರಾಜರತ್ನಂ ಕುಡಿಯುವವರೇ ಅಲ್ಲ ಎಂಬುದು ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಕುಡಿಯದೆ ಹೆಂಡದ ಪದ ಕಟ್ಟಬಹುದಾದರೆ ಹೆಚ್ಚು ಕುಡಿಯದೆ ಬಿಯರ್ ಮಾಡಲಾಗದೇ? ಆದರೆ ಈ ವಾದ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಕುಡಿಯಲು ಪುರುಸೊತ್ತು ಸಿಕ್ಕರೆ ತಾನೇ ಎಂದರೆ ಅದನ್ನಂತೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಒಂದು ಶನಿವಾರ ನಮ್ಮ ಮನೆಗೆ ಬಂದು ನೋಡಬೇಕು. ಬಿಯರ್ ಮಾಡುವ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಮಾಡುವ ಕೆಲಸ ಪಾತ್ರೆ ತೊಳೆಯುವುದು.

ಈ ತೊಳೆಯುವುದರಲ್ಲೂ ಎರಡು ಬಗೆ. ಒಂದು, ಕೊಳೆ ಹೋಗುವಂತೆ ತೊಳೆಯುವುದು. ಇನ್ನೊಂದು, ಕಣ್ಣಿಗೆ ಕಾಣದ ಜೀವಿಗಳು ಸಾಯುವಂತೆ ಆಮ್ಲದ ದ್ರಾವಣದಲ್ಲಿ ಅದ್ದಿ ತೆಗೆಯುವುದು. ಮೊದಲನೆಯದು ಆಗದೆ ಎರಡನೆಯದು ಫಲಿಸುವುದಿಲ್ಲ. ಎರಡನೆಯದು ಆದ ಮೇಲೆ ಮತ್ತೆ ನಲ್ಲಿ ನೀರು ತಾಕಿಸಕೂಡದು, ಬಟ್ಟೆಯಲ್ಲಿ ಒರೆಸಕೂಡದು, ಕಂಡಲ್ಲಿ ಇಡಕೂಡದು. ಮೂಗು ಕೆರೆದುಕೊಂಡ ಕೈಯಲ್ಲಿ ಕೊಳವೆ ಮುಟ್ಟಿದಿರೋ, ಕೊಳವೆ ಮತ್ತೆ ಸ್ನಾನಕ್ಕೆ ಹೋಗಬೇಕು. ಇದನ್ನು ನಾನು ಮೊದಲ ಸಲ ಓದಿದಾಗ, ಇದೆಲ್ಲ ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ಅರಸೀಕೆರೆಯ ನಮ್ಮ ಅಜ್ಜಿ ಹೇಳುತ್ತಿದ್ದದ್ದು ಇದನ್ನೇ. ಸ್ನಾನ ಬೇರೆ, ಮಡಿ ಬೇರೆ. ಸ್ನಾನವಾಗದೆ ಮಡಿಯಿಲ್ಲ, ಮಡಿಯಾದ ಮೇಲೆ ಮುಟ್ಟುವಂತಿಲ್ಲ. ಗಳುವಿನ ಮೇಲೆ ಹರವಿದ ಸೀರೆಯ ಸೆರಗು ನನ್ನ ತೋಳಿಗೆ ಸೋಕಿದರೆ ಸಾಕು, ಸೀರೆ ಮತ್ತೆ ನೀರಿಗೆ. ಯಾಕಜ್ಜಿ ಎಂದರೆ ಬೈಗುಳ. ಬಿಯರಿನ ಮಡಿಯಲ್ಲಿ ಕೇಳಿದರೆ ಕಾರಣ ಸಿಗುತ್ತದೆ. ಕುದಿದು ತಣ್ಣಗಾದ ಬಾರ್ಲಿಯ ಸಿಹಿನೀರು ಯೀಸ್ಟಿಗೆ ಎಷ್ಟು ಪ್ರಿಯವೋ ಲ್ಯಾಕ್ಟೋಬ್ಯಾಸಿಲಸ್ಸಿಗೂ ಅಷ್ಟೇ ಪ್ರಿಯ. ಯಾರು ಮೊದಲು ಪಂಕ್ತಿಗೆ ಕೂರುತ್ತಾರೆ ಎಂಬುದರ ಮೇಲೆ ಅದು ಬಿಯರೋ ಹುಳಿನೀರೋ ತೀರ್ಮಾನವಾಗುತ್ತದೆ. ಅಜ್ಜಿಯ ಮಡಿ ಮನುಷ್ಯರನ್ನೂ ಹೊರಗೆ ನಿಲ್ಲಿಸುತ್ತಿತ್ತು, ಅದನ್ನು ನಾನು ಸಮರ್ಥಿಸಲಾರೆ. ನನ್ನ ಮಡಿ ಹೊರಗಿಡುವುದು ಬ್ಯಾಕ್ಟೀರಿಯಾವನ್ನು ಮಾತ್ರ.

ಅಜ್ಜಿಯ ಮಡಿಯನ್ನು ಗೇಲಿ ಮಾಡುತ್ತ ಬೆಳೆದ ಮೊಮ್ಮಗ, ಹದಿಮೂರು ಸಾವಿರ ಕಿಲೋಮೀಟರು ದೂರ ಬಂದು, ಬಿಯರಿಗಾಗಿ ಮಡಿ ಹಿಡಿದದ್ದನ್ನು ಅಜ್ಜಿ ನೋಡಲಿಲ್ಲ. ಅಮ್ಮ ನೋಡಿದರು.

ಅಮ್ಮ ಸಂದರ್ಶಕರ ವೀಸಾದ ಮೇಲೆ ಬಂದಿದ್ದರು. ಬಾಣಂತನವಿಲ್ಲದೆ ಅಮೆರಿಕಕ್ಕೆ ಬರುವ ತಾಯಂದಿರಿಗೆ ಇಲ್ಲಿ ಹೊತ್ತು ಹೋಗುವುದು ಕಷ್ಟ. ಜೆಟ್ ಲ್ಯಾಗಿನ ನಿದ್ದೆಯಿಂದ ಎದ್ದ ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಗೆ ಬಂದು ಗಾಳಿ ಮೂಸಿ ಕೇಳಿದರು. "ಯಾರಿಗೆ ಹುಷಾರಿಲ್ಲ?"

ಯಾರಿಗೂ ಏನೂ ಆಗಿರಲಿಲ್ಲ. ಒಲೆಯ ಮೇಲಿನ ಹಂಡೆಯಲ್ಲಿ ನಾಲ್ಕೈದು ಕಿಲೋ ಒಡೆದ ಬಾರ್ಲಿ ಮಾಲ್ಟು 67 ಡಿಗ್ರಿ ಬಿಸಿನೀರಿನಲ್ಲಿ ನೆನೆಯುತ್ತಿತ್ತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟಿದ ಅಮೈಲೇಸ್ ಎಂಬ ಕಿಣ್ವ ಈ ಬಿಸಿಯಲ್ಲಿ ಎಚ್ಚೆತ್ತು, ಕಾಳಿನ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಮೂರು ನಾಲ್ಕು ಡಿಗ್ರಿ ಹೆಚ್ಚಾದರೆ ಬಿಯರು ಗಟ್ಟಿಯಾಗಿ ಸಿಹಿ ಉಳಿಯುತ್ತದೆ, ಕಡಿಮೆಯಾದರೆ ತೆಳ್ಳಗಾಗುತ್ತದೆ. ಒಂದು ಗಂಟೆಯ ಹೊತ್ತಿಗೆ ಸಪ್ಪೆಯಾಗಿದ್ದ ನೀರು ಕಂದು ಬಣ್ಣಕ್ಕೆ ತಿರುಗಿ ಪಾನಕವಾಗಿರುತ್ತದೆ, ಮನೆಯೆಲ್ಲ ಘಮ್ಮೆನ್ನುತ್ತದೆ. ಆ ವಾಸನೆ ಥೇಟ್ ಹಾರ್ಲಿಕ್ಸಿನದು. ನಮ್ಮ ಮನೆಯಲ್ಲಿ ಹಾರ್ಲಿಕ್ಸ್ ಎಂದರೆ ಜ್ವರ, ಬಿಳಿಯ ಬ್ರೆಡ್ಡು, ಶಾಲೆಗೆ ರಜೆ. ಅಮ್ಮ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇದು ಕಾಕತಾಳೀಯವೂ ಅಲ್ಲ. ಹಾರ್ಲಿಕ್ಸ್ ಹುಟ್ಟಿದ್ದೇ ನಮ್ಮ ಪಕ್ಕದ ಊರಿನಲ್ಲಿ. ಮಿಲ್ವಾಕಿಯಿಂದ ದಕ್ಷಿಣಕ್ಕೆ ಮಿಶಿಗನ್ ಸರೋವರದ ದಂಡೆ ಹಿಡಿದು ಸುಮಾರು ನಲವತ್ತು ಕಿಲೋಮೀಟರು ಹೋದರೆ ರಸೀನ್ ಎಂಬ ಊರು. ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಎಂಬ ಇಂಗ್ಲಿಷ್ ಅಣ್ಣತಮ್ಮಂದಿರು 1873ರಲ್ಲಿ ಶಿಕಾಗೋದಲ್ಲಿ ಕಂಪನಿ ತೆರೆದು, ಆಮೇಲೆ ರಸೀನಿಗೆ ಬಂದು, 1883ರಲ್ಲಿ ಮಾಲ್ಟ್ ಹಾಲಿನ ಪುಡಿಗೆ ಪೇಟೆಂಟ್ ಪಡೆದರು. ಬಾರ್ಲಿಯ ಮಾಲ್ಟು, ಗೋಧಿ, ಹಾಲು. ಪುಡಿ ಕೂಸುಗಳಿಗೂ ರೋಗಿಗಳಿಗೂ ಹೋಯಿತು, ಧ್ರುವಯಾತ್ರಿಗಳ ಗಂಟಿನಲ್ಲೂ ಸೇರಿಕೊಂಡಿತು. ಅಂಟಾರ್ಕ್ಟಿಕಾದಲ್ಲಿ ಹಾರ್ಲಿಕ್ ಪರ್ವತಶ್ರೇಣಿ ಎಂಬುದೊಂದಿದೆ. ದಂಡಯಾತ್ರೆಗೆ ನೆರವಾದ ವಿಲಿಯಂ ಹಾರ್ಲಿಕ್‌ರ ಹೆಸರನ್ನು ಅಡ್ಮಿರಲ್ ಬರ್ಡ್ ಅದಕ್ಕೆ ಇಟ್ಟರು. ಒಂದೇ ಮಾಲ್ಟು. ಹಾಲು ಬೆರೆಸಿದವರಿಗೆ ಭೂಪಟದಲ್ಲಿ ಪರ್ವತ ಸಿಕ್ಕಿತು, ಹಾಪ್ಸ್ ಬೆರೆಸುವ ನಮಗೆ "ಜಾಸ್ತಿ ಆಗಿದ್ಯೇನೋ" ಎಂಬ ಪ್ರಶ್ನೆ.

ಅಮ್ಮನಿಗೆ ಎಲ್ಲವನ್ನೂ ವಿವರಿಸಿದೆ. ಕೊನೆಯವರೆಗೂ ಕೇಳಿ, ಒಂದೇ ಸಂದೇಹ ಎತ್ತಿದರು. "ಇದಕ್ಕೆ ಮೊಟ್ಟೆ ಹಾಕ್ತಾರಾ?"

"ಇಲ್ಲಮ್ಮ. ಬಾರ್ಲಿ, ನೀರು, ಹಾಪ್ಸ್ ಅಂತ ಒಂದು ಬಳ್ಳಿಯ ಹೂವು, ಯೀಸ್ಟು. ಅಷ್ಟೇ."

"ಹಾಗಾದ್ರೆ ಸರಿ."

ಪ್ರಶ್ನೆ ಕೇಳಿ ನನಗೆ ನಗು ಬಂದಿತ್ತು. ಆಮೇಲೆ ಯೋಚಿಸಿದರೆ ಅದು ತಿಳಿದವರು ಕೇಳುವ ಪ್ರಶ್ನೆಯೇ. ಇಂಗ್ಲೆಂಡ್, ಐರ್ಲೆಂಡುಗಳಲ್ಲಿ ಬಿಯರನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ಅಂಟನ್ನು ಬಹುಕಾಲ ಬಳಸಿದ್ದಾರೆ. ನಾನು ಬಳಸುವುದು ಐರಿಷ್ ಮಾಸ್, ಸಮುದ್ರದ ಪಾಚಿ. ಇದನ್ನು ಅಮ್ಮನಿಗೆ ಹೇಳಿದಾಗ ಪಾಚಿಯ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿ, ತರಕಾರಿಯ ಕಡೆಗೆ ಸೇರಿಸಿದರು.

ಸಿಹಿನೀರನ್ನು ಸೋಸಿ ಒಂದು ಗಂಟೆ ಕುದಿಸಬೇಕು. ಹಾಪ್ಸ್ ಬೀಳುವುದು ಆಗಲೇ. ಅಮೆರಿಕದ ಹೆಚ್ಚಿನ ಹಾಪ್ಸ್ ಬರುವುದು ಪಶ್ಚಿಮದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಿಂದ. ಸಸ್ಯಶಾಸ್ತ್ರದಲ್ಲಿ ಅದು ಗಾಂಜಾದ ದಾಯಾದಿ. ಈ ದಾಯಾದಿತನವನ್ನು ಅಮ್ಮನಿಗೆ ಹೇಳುವ ಅಗತ್ಯ ಕಾಣಲಿಲ್ಲ. ಮೊದಲೇ ಹಾಕಿದ ಹಾಪ್ಸ್ ಕಹಿ ಕೊಡುತ್ತದೆ, ಕೊನೆಯಲ್ಲಿ ಹಾಕಿದ್ದು ಪರಿಮಳ ಕೊಡುತ್ತದೆ. ಕಹಿಯಿಂದ ಬಿಯರು ಕೆಡದೆ ಉಳಿಯುತ್ತದೆ ಎಂಬುದನ್ನು ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್ ಹನ್ನೆರಡನೆಯ ಶತಮಾನದಲ್ಲೇ ಬರೆದಿಟ್ಟಿದ್ದಾಳೆ.

ಕುದಿದದ್ದನ್ನು ಬೇಗ ತಣಿಸಬೇಕು. ವಿಸ್ಕಾನ್ಸಿನ್ನಿನ ಜನವರಿಯಲ್ಲಿ ಹೊರಗೆ ಮೊಣಕಾಲುದ್ದ ಹಿಮ, ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ ಚಳಿ. ಹಂಡೆಯನ್ನು ಹಿಮದಲ್ಲಿ ಹೂತರೆ ಆಯಿತಲ್ಲ ಎಂದು ನೋಡಿದವರೆಲ್ಲ ಸಲಹೆ ಕೊಡುತ್ತಾರೆ. ಆಗುವುದಿಲ್ಲ. ಬಿಸಿ ಹಂಡೆ ಸುತ್ತಲಿನ ಹಿಮವನ್ನು ಕರಗಿಸಿಕೊಂಡು ತನಗೊಂದು ಗೂಡು ಮಾಡಿಕೊಳ್ಳುತ್ತದೆ. ಹಿಮದ ತುಂಬ ಗಾಳಿ. ಗಾಳಿ ಶಾಖವನ್ನು ಬಿಟ್ಟುಕೊಡುವುದಿಲ್ಲ. ಒಳಗೆ ಹಂಡೆ ಬೆಚ್ಚಗೆ ಕೂತಿರುತ್ತದೆ, ಹೊರಗೆ ನಾವು ನಡುಗುತ್ತಿರುತ್ತೇವೆ. ತಾಮ್ರದ ಸುರುಳಿಯನ್ನು ಹಂಡೆಯಲ್ಲಿ ಮುಳುಗಿಸಿ ಅದರೊಳಗೆ ನಲ್ಲಿಯ ತಣ್ಣೀರು ಹರಿಸಿದರೆ ಅರ್ಧ ಗಂಟೆಯ ಕೆಲಸ.

ಆಮೇಲೆ ಯೀಸ್ಟು. ಬಿಯರಿನ ಇತಿಹಾಸದಲ್ಲಿ ಇದರಷ್ಟು ದುಡಿದು ಇದರಷ್ಟು ಕಾಲ ಹೆಸರಿಲ್ಲದೆ ಉಳಿದದ್ದು ಇನ್ನೊಂದಿಲ್ಲ. ಬವೇರಿಯಾದ ದೊರೆ 1516ರಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಇನ್ನೇನೂ ಹಾಕಕೂಡದೆಂದು ಶಾಸನ ಮಾಡಿದ. ಯೀಸ್ಟಿನ ಮಾತೇ ಅದರಲ್ಲಿಲ್ಲ. ಹುದುಗು ಜೀವಿಗಳ ಕೆಲಸವೆಂದು ಪಾಶ್ಚರ್ ತೋರಿಸಿಕೊಟ್ಟು, ಬಿಯರಿನ ಮೇಲೆ ದೊಡ್ಡ ಗ್ರಂಥವನ್ನೇ 1876ರಲ್ಲಿ ಪ್ರಕಟಿಸಿದ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ್ದು 1883ರಲ್ಲಿ, ಅಂದರೆ ರಸೀನಿನಲ್ಲಿ ಹಾರ್ಲಿಕ್ಸಿಗೆ ಪೇಟೆಂಟ್ ಸಿಕ್ಕ ವರ್ಷದಲ್ಲೇ. ಅದೇ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ 1909ರಲ್ಲಿ ಪಿ.ಹೆಚ್. ಅಳತೆಯನ್ನು ಕೊಟ್ಟರು. ನನ್ನ ಮಗಳ ಕಾಲೇಜಿನ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ ಟಿ-ಟೆಸ್ಟ್ ಎಂಬ ಪಾಠ ಬಂದಾಗ, ಅದನ್ನು ಕಂಡುಹಿಡಿದ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಕಂಪನಿಯ ನೌಕರ, ತನ್ನ ಹೆಸರು ಹಾಕದೆ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ 1908ರಲ್ಲಿ ಪ್ರಕಟಿಸಿದ ಎಂದು ಉತ್ಸಾಹದಿಂದ ಹೇಳಿದೆ. ಮಗಳು ಪುಸ್ತಕದಿಂದ ತಲೆ ಎತ್ತದೆ, "ಅಪ್ಪಾ, ನೀನು ಎಲ್ಲಿಂದ ಹೊರಟ್ರೂ ಅಲ್ಲಿಗೇ ಬರ್ತೀಯ" ಎಂದಳು.

ಯೀಸ್ಟು ಸುರಿದು, ಗಾಜಿನ ಬುಡ್ಡಿಯ ಬಾಯಿಗೆ ಗಾಳಿಯನ್ನು ಹೊರಗಷ್ಟೇ ಬಿಡುವ ಏರ್‌ಲಾಕ್ ಸಿಕ್ಕಿಸಿ ಬೇಸ್‌ಮೆಂಟಿಗೆ ಇಳಿಸಿದರೆ ನಮ್ಮ ಕೆಲಸ ಮುಗಿಯಿತು. ಮಾರನೆಯ ದಿನ ಗುಳುಕ್, ಗುಳುಕ್ ಎಂದು ಗಾಳಿ ಹೊರಬರಲು ಶುರುವಾಗುತ್ತದೆ. ಮೂರನೆಯ ದಿನಕ್ಕೆ ಅದೇ ಧಾರಾಳವಾಗಿ ಮಾತಾಡತೊಡಗುತ್ತದೆ. ಅಮ್ಮ ದಿನಕ್ಕೆರಡು ಸಲ ಇಳಿದು ಹೋಗಿ ಕೇಳಿಸಿಕೊಂಡು ಬರುತ್ತಿದ್ದರು. "ಹುದುಗು ಚೆನ್ನಾಗಿ ಬಂದಿದೆ, ನೀನು ಮುಚ್ಚಳ ತೆಗೆದು ನೋಡಬೇಡ" ಎಂಬುದು ಅವರ ಆಜ್ಞೆ. ಎಲ್ಲ ಪುಸ್ತಕಗಳೂ ಇದನ್ನೇ ಹೇಳುತ್ತವೆ. ಅಮ್ಮ ಒಂದನ್ನೂ ಓದಿರಲಿಲ್ಲ.

ಹುದುಗಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಮಹಡಿಯ ಮೇಲೆ ಇಡ್ಲಿ ಹಿಟ್ಟು, ಕೆಳಗೆ ಬಿಯರು. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೋನಾಸ್ಟಾಕ್ ಎಂಬ ಬ್ಯಾಕ್ಟೀರಿಯಾಕ್ಕೆ ಮೂವತ್ತು ಡಿಗ್ರಿಯ ಮೈಸೂರು ಬೇಸಿಗೆ ಬೇಕು. ನನ್ನ ಏಲ್ ಯೀಸ್ಟಿಗೆ ಹದಿನೆಂಟರಿಂದ ಇಪ್ಪತ್ತು ಡಿಗ್ರಿ ಸಾಕು, ಹೆಚ್ಚಾದರೆ ಅದು ಬಿಯರಿನಲ್ಲಿ ಬಾಳೆಹಣ್ಣಿನ ವಾಸನೆ ಬರಿಸುತ್ತದೆ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ದೀಪ ಹಚ್ಚಿದ ಓವನ್ನಿನೊಳಗೆ ರಾತ್ರಿ ಕಳೆಯುತ್ತದೆ. ಅಮೆರಿಕದ ಉತ್ತರ ರಾಜ್ಯಗಳ ಕನ್ನಡಿಗರ ಮನೆಗಳಲ್ಲಿ ಶುಕ್ರವಾರ ರಾತ್ರಿ ಓವನ್ನಿನ ದೀಪ ಉರಿಯುತ್ತಿದ್ದರೆ ಶನಿವಾರ ಬೆಳಗ್ಗೆ ಏನು ತಿಂಡಿ ಎಂದು ಕೇಳಬೇಕಿಲ್ಲ. ಆಗ ಬೇಸ್‌ಮೆಂಟು ಬಿಯರಿಗೆ ಹೇಳಿ ಮಾಡಿಸಿದಂತೆ ತಣ್ಣಗಿರುತ್ತದೆ, ಸಂಸಾರ ಸುಖವಾಗಿ ನಡೆಯುತ್ತದೆ. ಜುಲೈ ಬಂತೆಂದರೆ ಎಲ್ಲ ತಲೆಕೆಳಗು. ಹಿಟ್ಟು ಅಡುಗೆಮನೆಯ ಕಟ್ಟೆಯ ಮೇಲೇ ಉಕ್ಕುತ್ತದೆ, ಬುಡ್ಡಿಗೆ ಒದ್ದೆ ಟವೆಲ್ ಸುತ್ತಿ ನೀರಿನ ತೊಟ್ಟಿಯಲ್ಲಿ ಕೂರಿಸಿ ಮಂಜುಗಡ್ಡೆಯ ಬಾಟಲಿಗಳ ಉಪಚಾರ ಮಾಡಬೇಕಾಗುತ್ತದೆ. "ಮಗಳಿಗೆ ಜ್ವರ ಬಂದಾಗ ಇಷ್ಟು ಸಲ ಟವೆಲ್ ಬದಲಾಯಿಸಿದ್ರಾ?" ಎಂದು ಹೆಂಡತಿ ಕೇಳುವುದೂ ಈ ತಿಂಗಳಲ್ಲೇ.

ಮನೆಯಲ್ಲಿ ಬಿಯರ್ ಮಾಡುವುದು ಇಲ್ಲಿಯೂ ಬಹುಕಾಲ ಅಪರಾಧವಾಗಿತ್ತು ಎಂದರೆ ನಮ್ಮ ಕಡೆಯವರಿಗೆ ಆಶ್ಚರ್ಯ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿತ್ತು. ಮಿಲ್ವಾಕಿಯ ದೊಡ್ಡ ಬಿಯರ್ ಮನೆಗಳು ಹೊಟ್ಟೆಪಾಡಿಗೆ ಬೇರೆ ದಾರಿ ನೋಡಿಕೊಂಡವು. ಪಾಬ್ಸ್ಟ್ ಚೀಸ್ ಮಾಡಿ ಮಾರಿತು. ಕಿರಾಣಿ ಅಂಗಡಿಗಳಲ್ಲಿ ಮಾಲ್ಟ್ ಪಾಕದ ಡಬ್ಬಿಗಳು ಬಂದವು, ಬ್ರೆಡ್ ಮಾಡಲಿಕ್ಕೆಂದು. ಅಷ್ಟು ಪಾಕದಲ್ಲಿ ಆಗುವಷ್ಟು ಬ್ರೆಡ್ಡನ್ನು ಯಾವ ಊರಿನವರೂ ತಿನ್ನಲಾರರು ಎಂಬುದು ಪೊಲೀಸರಿಗೂ ತಿಳಿದಿತ್ತು. ನಿಷೇಧ ಹೋದಾಗ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅನುಮತಿ ಸಿಕ್ಕಿತು, ಬಿಯರ್ ಮಾತ್ರ ಹೊರಗುಳಿಯಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಮೇಲೆ, ಮರುವರ್ಷದ ಫೆಬ್ರವರಿಯಿಂದ ಕೇಂದ್ರದ ಕಾನೂನು ಸಡಿಲಾಯಿತು. ಕಾರ್ಟರ್ ಸಂಯಮದ ಮನುಷ್ಯ. ಬಿಯರ್ ಡಬ್ಬಿಯ ಮೇಲೆ ಹೆಸರು ಹಾಕಿಸಿಕೊಂಡವನು ಅವರ ತಮ್ಮ ಬಿಲ್ಲಿ. ರಾಜ್ಯಗಳು ಒಂದೊಂದಾಗಿ ಒಪ್ಪುತ್ತ ಬಂದು, ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ.

ಈಗ ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ ನೂರು ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ ಇನ್ನೂರು ಗ್ಯಾಲನ್. ನಮ್ಮ ಲೆಕ್ಕದಲ್ಲಿ 757 ಲೀಟರು. ಮಾರುವಂತಿಲ್ಲ, ಕುಡಿಯಬಹುದು, ಹಂಚಬಹುದು. ನನ್ನ ಹೆಂಡತಿ ತನ್ನ ಪಾಲಿನ 378 ಲೀಟರನ್ನು ಈವರೆಗೆ ಬಳಸಿಕೊಂಡಿಲ್ಲ. ಅಮ್ಮ ಬಂದರೆ ಮೂವರು ವಯಸ್ಕರಾದೆವಲ್ಲ ಎಂದರೆ, ಕೋಟಾ ಇನ್ನೂರರ ಮೇಲೆ ಹತ್ತುವುದಿಲ್ಲ. ಕರ್ನಾಟಕದಲ್ಲಿ ಇದೇ ಬುಡ್ಡಿಯನ್ನು ಮನೆಯಲ್ಲಿಟ್ಟುಕೊಂಡರೆ ಅಬಕಾರಿಯವರು ಬರುತ್ತಾರೆ. ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲ. ಬೆಂಗಳೂರಿನ ಬೀದಿ ಬೀದಿಯಲ್ಲಿ ಈಗ ಮೈಕ್ರೋಬ್ರೂವರಿಗಳಿವೆ, ಗಾಜಿನ ಗೋಡೆಯಾಚೆ ಹೊಳೆಯುವ ತಾಮ್ರದ ಹಂಡೆಗಳಿವೆ. ಅವನ್ನು ನೋಡಬಹುದು, ಮುಟ್ಟುವಂತಿಲ್ಲ. ಹಾಗಾಗಿ ಈ ವಿದ್ಯೆಯನ್ನು ಕನ್ನಡಿಗ ಕಲಿತರೆ ಬಹುಪಾಲು ಹೊರದೇಶದಲ್ಲೇ ಕಲಿಯಬೇಕು.

ಪಕ್ಕದ ಮನೆಯ ಮುದುಕ ಬವೇರಿಯಾ ಮೂಲದವನು. ನಾನು ಬಿಯರ್ ಮಾಡುತ್ತೇನೆಂದು ಗೊತ್ತಾದ ದಿನ ಬೇಲಿಯ ಆಚೆಯಿಂದ, "ಐ.ಪಿ.ಎ. ತಾನೇ? ನಿಮ್ಮ ದೇಶದ್ದಲ್ಲವೇ" ಎಂದ. ಇಂಡಿಯಾ ಪೇಲ್ ಏಲ್ ಎಂಬ ಹೆಸರನ್ನು ನಾನು ಕೇಳಿದ್ದೇ ಅಮೆರಿಕಕ್ಕೆ ಬಂದ ಮೇಲೆ. ನಮ್ಮ ಕಾಲದ ಬೆಂಗಳೂರಿನಲ್ಲಿ ಬಿಯರ್ ಎಂದರೆ ಒಂದು ಮೀಂಚುಳ್ಳಿ ಹಕ್ಕಿ, ಅಷ್ಟೇ. ಐ.ಪಿ.ಎ. ಕತೆಯಲ್ಲಿ ಇಂಡಿಯಾ ಬರುವುದು ವಿಳಾಸವಾಗಿ ಮಾತ್ರ. ಲಂಡನ್ನಿನ ಬೋ ಎಂಬಲ್ಲಿಂದ ಹಾಡ್ಜ್‌ಸನ್ ಎಂಬವನೂ, 1820ರ ದಶಕದಿಂದ ಬರ್ಟನ್ ಊರಿನ ಆಲ್ಸಪ್, ಬಾಸ್ ಮುಂತಾದವರೂ ಹಡಗಿಗೇರಿಸಿದ ಈ ಬಿಯರನ್ನು ಇಂಡಿಯಾದಲ್ಲಿ ಇಳಿಸಿಕೊಂಡು ಕುಡಿದವರು ದೊರೆಗಳು. ಬೆಂಗಳೂರಿನ ಬಿಯರ್ ವಹಿವಾಟಿನ ಬುಡದಲ್ಲೂ ದಂಡೇ ಇದೆ. ದಕ್ಷಿಣದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದವನು ಥಾಮಸ್ ಲೀಷ್‌ಮನ್ ಎಂಬ ಸ್ಕಾಟಿಷ್ ಮನುಷ್ಯ; ವಿಠಲ ಮಲ್ಯರು ಅದರ ಮೊದಲ ಭಾರತೀಯ ನಿರ್ದೇಶಕರಾದದ್ದು 1947ರಲ್ಲಿ. ಇಷ್ಟನ್ನೂ ಬೇಲಿಯ ಮೇಲಿಂದ ಹೇಳಿ ಮುಗಿಸುವ ಹೊತ್ತಿಗೆ ಮುದುಕ ಹುಲ್ಲು ಕತ್ತರಿಸುವ ಯಂತ್ರ ಚಾಲೂ ಮಾಡಿದ್ದ.

ರಾಗಿಯ ವಿಚಾರ ಎತ್ತಿದವರು ಅಮ್ಮ. "ಬಾರ್ಲಿ ಮೊಳಕೆ ಕಟ್ಟಿ ಮಾಡೋದು ಅಂದ್ರೆ ರಾಗೀಲೂ ಆಗ್ಬೇಕಲ್ಲ?" ಆಗುತ್ತದೆ. ಜಗತ್ತಿನಲ್ಲಿ ಬಹಳ ಜನ ಮಾಡಿಯೂ ಇದ್ದಾರೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಉಗಾಂಡದ ಟೆಸೊ ಜನ ಇಂದಿಗೂ ಒಂದು ಮಡಕೆಯ ಸುತ್ತ ಕೂತು ಉದ್ದುದ್ದ ಕೊಳವೆಗಳಲ್ಲಿ ರಾಗಿಯ ಬಿಯರು ಹೀರುತ್ತಾರೆ. ನೇಪಾಳ, ಸಿಕ್ಕಿಂ ಕಡೆಯ ಲಿಂಬೂಗಳು ಹುದುಗಿದ ರಾಗಿಯ ಮೇಲೆ ಬಿಸಿನೀರು ಸುರಿದು ಬಿದಿರಿನ ಕೊಳವೆಯಲ್ಲಿ ಕುಡಿಯುವುದು ತೊಂಗ್ಬಾ. ಭಾರತದಲ್ಲಿ ರಾಗಿಯನ್ನು ಎಲ್ಲರಿಗಿಂತ ಹೆಚ್ಚು ಬೆಳೆಯುವ ನಾವು ಮಾತ್ರ ಮುದ್ದೆ, ರೊಟ್ಟಿ, ಹುರಿಹಿಟ್ಟು ಮಾಡಿಕೊಂಡು, ಅಂಬಲಿ ಒಂದಿಷ್ಟು ಹುಳಿ ಬಂದರೆ ಅಲ್ಲಿಗೇ ನಿಲ್ಲಿಸಿ, ಮರ್ಯಾದೆಯಿಂದ ಬಾಳಿದ್ದೇವೆ. ಆದರೆ ರಾಗಿಯನ್ನು ಮೊಳಕೆ ಬರಿಸುವುದರಲ್ಲಿ ನಮ್ಮ ತಾಯಂದಿರನ್ನು ಮೀರಿಸುವವರಿಲ್ಲ. ಮೊಳಕೆ ರಾಗಿಯಲ್ಲಿ ಅಮೈಲೇಸ್ ಕಿಣ್ವ ಯಥೇಚ್ಛವಾಗಿರುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ರಾಗಿ ಮಾಲ್ಟಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದು ಕೂಸುಗಳ ಗಂಜಿಗಾಗಿ. ಗಂಜಿಯನ್ನು ತೆಳ್ಳಗೆ, ಸಿಹಿಯಾಗಿ ಮಾಡುವ ಕಿಣ್ವ ಬಿಯರಿಗೂ ಒದಗುತ್ತದೆ, ಅದಕ್ಕೆ ಭೇದವಿಲ್ಲ.

ಇಂಡಿಯನ್ ಅಂಗಡಿಯಿಂದ ಇಡೀ ರಾಗಿ ಬಂತು. ಅಮ್ಮ ಅದನ್ನು ಆರಿಸಿ, ರಾತ್ರಿ ನೆನೆಸಿ, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ನೀರು ಚಿಮುಕಿಸುತ್ತ ಎರಡು ದಿನ ಇಟ್ಟರು. ಬಿಳಿಯ ಬೇರು ಬಂದ ಮೇಲೆ ಹರವಿ ಒಣಗಿಸಿದರು. ಅಲ್ಲಿಯವರೆಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಆಮೇಲೆ ಅಮ್ಮ ಬಾಣಲೆ ಒಲೆಗಿಟ್ಟರು. ಘಮ ಬರುವವರೆಗೆ ಹುರಿಯದಿದ್ದರೆ ಅದು ಮಾಲ್ಟೇ ಅಲ್ಲ ಎಂಬುದು ಅವರ ಪಕ್ಷ. ಹುರಿದರೆ ಕಿಣ್ವ ಸಾಯುತ್ತದೆ ಎಂಬುದು ನನ್ನ ಪಕ್ಷ. ಹೆಂಡತಿ ಪಂಚಾಯಿತಿ ಮಾಡಿ, ಮುಕ್ಕಾಲು ಪಾಲು ಹಸಿ, ಕಾಲು ಪಾಲು ಹುರಿದದ್ದು ಎಂದು ತೀರ್ಪು ಕೊಟ್ಟಳು. ಬಾರ್ಲಿ ಬಿಯರಿನವರು ಮಾಡುವುದೂ ಹೀಗೆಯೇ. ಸಕ್ಕರೆಗೆ ಬಿಳಿ ಮಾಲ್ಟು, ಬಣ್ಣಕ್ಕೂ ಘಮಕ್ಕೂ ಒಂದಿಷ್ಟು ಹುರಿದ ಮಾಲ್ಟು.

ರಾಗಿಗೆ ಬಾರ್ಲಿಯ ಹಾಗೆ ಹೊಟ್ಟಿಲ್ಲ. ಸೋಸುವಾಗ ಬಾರ್ಲಿಯ ಹೊಟ್ಟೇ ಜರಡಿಯಾಗುತ್ತದೆ, ರಾಗಿ ಅಂಟಿನಂತೆ ಕೂತುಬಿಡುತ್ತದೆ. ಅದಕ್ಕೆ ಪರಿಹಾರ ಭತ್ತದ ಹೊಟ್ಟು ಬೆರೆಸುವುದು. ಬಿಯರ್ ಸಾಮಗ್ರಿಯ ಅಂಗಡಿಯಲ್ಲಿ ಅದನ್ನು ಪ್ಯಾಕೆಟ್ ಮಾಡಿ ಮಾರುತ್ತಾರೆ. ಭತ್ತದ ಹೊಟ್ಟಿಗೆ ಡಾಲರ್ ಕೊಟ್ಟದ್ದನ್ನು ಅಮ್ಮನಿಗೆ ಈವರೆಗೂ ತಿಳಿಸಿಲ್ಲ. ಇನ್ನೊಂದು ತೊಡಕು, ರಾಗಿಯ ಪಿಷ್ಟ ಅರಳಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು. ಆ ಬಿಸಿಗೆ ಕಿಣ್ವ ಉಳಿಯುವುದಿಲ್ಲ. ಕಿಣ್ವ ಕರಗಿದ ತಿಳಿನೀರನ್ನು ಮೊದಲು ಬಸಿದು ಪಕ್ಕಕ್ಕಿಟ್ಟು, ಕಾಳನ್ನು ಬೇಯಿಸಿ, ಆರಿಸಿ, ತಿಳಿಯನ್ನು ಮತ್ತೆ ಸೇರಿಸಬೇಕು. ನಾನು ಮೂರನೆಯ ಒಂದು ಪಾಲು ರಾಗಿ, ಉಳಿದದ್ದು ಬಾರ್ಲಿ ಎಂದು ನಿರ್ಧರಿಸಿದ್ದರಿಂದ ಕಿಣ್ವಕ್ಕೆ ಕೊರತೆಯಾಗಲಿಲ್ಲ. ಸಾಂದ್ರತೆ ಅಳೆಯುವ ಹೈಡ್ರೋಮೀಟರು 1.050ರಿಂದ ಇಳಿದು 1.010ಕ್ಕೆ ನಿಂತಿತು. ಅಂದರೆ ಮದ್ಯಾಂಶ ಶೇಕಡ ಐದು ಚಿಲ್ಲರೆ.

ಜೂನ್ ತಿಂಗಳ ಒಂದು ಭಾನುವಾರ ಹಿತ್ತಲಿನಲ್ಲಿ ಸ್ನೇಹಿತರು ಸೇರಿದಾಗ ರಾಗಿ ಬಿಯರು ಹೊರಗೆ ಬಂತು. ಇಟ್ಟಿಗೆಯ ಬಣ್ಣ, ಸ್ವಲ್ಪ ಮಸುಕು, ಮಣ್ಣಿನ ಘಮ, ಕೊನೆಗೆ ಒಂದೆಳೆ ಒಗರು. ಮಂಡ್ಯದ ಕಡೆಯ ಗೆಳೆಯ ಒಂದು ಗುಟುಕು ಹೀರಿ ಕಣ್ಣು ಮುಚ್ಚಿ, "ಬಸ್ಸಾರು ಎಲ್ಲಿ?" ಎಂದ. ಹುಬ್ಬಳ್ಳಿಯವನು, "ಛಲೋ ಐತಿ, ಆದ್ರ ಜ್ವಾಳದ್ದು ಮಾಡ್ರಿ ಮುಂದಿನ ಸಲ" ಎಂದು ಪ್ರಾದೇಶಿಕ ಅಸಮತೋಲನದ ಪ್ರಶ್ನೆ ಎತ್ತಿದ. ಬವೇರಿಯಾದ ಮುದುಕನಿಗೆ ರಾಗಿ ಎಂದರೇನೆಂದು ವಿವರಿಸಿದಾಗ, 1516ರ ಶಾಸನದ ಪ್ರಕಾರ ಇದನ್ನು ಬಿಯರೆಂದು ಕರೆಯುವಂತಿಲ್ಲ ಎಂದು ತಲೆಯಾಡಿಸಿದ. ಎರಡನೆಯ ಗ್ಲಾಸನ್ನು ತಾನೇ ಬಗ್ಗಿಸಿಕೊಂಡ. ಅಮ್ಮ ಕುಡಿಯಲಿಲ್ಲ. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು, "ಅಂಬಲಿ ನಾಳೆಗೆ ಹುಳಿ ಬರೋ ಹಾಗಿದೆ, ಕೆಟ್ಟಿಲ್ಲ" ಎಂದು ಪ್ರಮಾಣಪತ್ರ ಕೊಟ್ಟು ಪಕ್ಕಕ್ಕಿಟ್ಟರು. ನನ್ನ ಅಭಿಪ್ರಾಯ ಕೇಳಿದರೆ, ಪೂರ್ತಿ ಬಾರ್ಲಿಯದು ಇದಕ್ಕಿಂತ ರುಚಿ. ಆದರೆ ಖಾಲಿಯಾದದ್ದು ರಾಗಿಯದೇ.

ಖಾಲಿಯಾದದ್ದು ಎಂದರೆ ಬಾಟಲಿ ಸಮೇತ, ಅದೇ ನನ್ನ ಈಗಿನ ತೊಂದರೆ. ಐದು ಗ್ಯಾಲನ್ನಿನ ಒಂದು ಹಂಡೆ ಬಿಯರಿಗೆ ಸುಮಾರು ಐವತ್ತು ಬಾಟಲಿ ಬೇಕು. ತಿರುಗಿಸಿ ತೆಗೆಯುವ ಬಾಯಿಯವು ಬರುವುದಿಲ್ಲ, ಓಪನರಿನಿಂದ ಎತ್ತಿ ತೆಗೆಯುವ ಕಂದು ಬಣ್ಣದವೇ ಆಗಬೇಕು. ಬಿಳಿ, ಹಸಿರು ಗಾಜಿನಲ್ಲಿ ಬಿಸಿಲು ತಾಕಿದರೆ ಹಾಪ್ಸ್ ಕೆಟ್ಟ ವಾಸನೆ ಬೀರುತ್ತದೆ. ಲೇಬಲ್ ನೆನೆಸಿ ಕಿತ್ತು, ಬುಡದ ಗಸಿ ಉಜ್ಜಿ, ಮಡಿ ಮಾಡಿದ ಬಾಟಲಿಯನ್ನು ನಾನು ಪ್ರೀತಿಯಿಂದ ಕೊಡುತ್ತೇನೆ, ಜನ ಪ್ರೀತಿಯಿಂದ ಒಯ್ಯುತ್ತಾರೆ, ಕುಡಿದು ಕಸದ ಡಬ್ಬಿಗೆ ಹಾಕುತ್ತಾರೆ. ಕಾನೂನಿನ ಪ್ರಕಾರ ನಾನು ಬಿಯರಿಗೆ ದುಡ್ಡು ಕೇಳುವಂತಿಲ್ಲ, ಕೇಳುವುದೂ ಇಲ್ಲ. ಮಿಲ್ವಾಕಿಯ ಸುತ್ತಮುತ್ತ ಇರುವ ಕನ್ನಡಿಗರಲ್ಲಿ ವಿನಂತಿ: ಬಾಟಲಿಯನ್ನು ಕುಡಿದ ದಿನವೇ ಬಿಸಿನೀರಿನಲ್ಲಿ ಕುಲುಕಿ ತೊಳೆದು, ತಲೆಕೆಳಗಾಗಿ ಒಣಗಿಸಿ, ಮುಂದಿನ ಸಲ ಬರುವಾಗ ತನ್ನಿ. ಬರಿದೇ ತೊಳೆದರೆ ಸಾಕು, ಮಡಿ ನಾನು ಮಾಡಿಕೊಳ್ಳುತ್ತೇನೆ.